ಹಳೆ 911 ತಗೊಳ್ಳೋದಾ, ಹೊಸದಾ? ಪೋರ್ಷೆ ತಲೆಮಾರುಗಳನ್ನು ಚಿಕ್ಕಬಳ್ಳಾಪುರದ ರಸ್ತೆಯಲ್ಲಿಟ್ಟು ಹೋಲಿಸುವ ಸಮಗ್ರ ಮಾರ್ಗದರ್ಶಿ

ಪೋರ್ಷೆ 911 ಎಂಬ ಹೆಸರಿನಲ್ಲಿ ಇಲ್ಲಿಯವರೆಗೆ ಎಂಟು ತಲೆಮಾರಿನ ಕಾರುಗಳು ಬಂದಿವೆ. ದೂರದಿಂದ ನೋಡಿದರೆ ಎಲ್ಲ ಒಂದೇ ಥರ. ಅದೇ ಇಳಿಜಾರು ಬೆನ್ನು, ಅದೇ ಉಬ್ಬಿದ ಮಡ್‌ಗಾರ್ಡು, ಹಿಂದೆ ಎಂಜಿನ್. ಆದರೆ 2008ರದ್ದೊಂದು, 2022ರದ್ದೊಂದು ಒಂದೇ ದಿನ ಓಡಿಸಿ ನೋಡಿ. ಎರಡಕ್ಕೂ ಒಂದೇ ಹೆಸರು ಯಾಕಿಟ್ಟರು ಅನ್ನಿಸುತ್ತದೆ.

ದೇವನಹಳ್ಳಿಯಿಂದ ಈಚೆ ಜಮೀನಿನ ಬೆಲೆ ಏರಿದ ಮೇಲೆ ನಮ್ಮ ಕಡೆ ಈ ಮಾತು ಜಾಸ್ತಿ ಕೇಳುತ್ತಿದೆ. ನಂದಿ ಬೆಟ್ಟದ ದಾರಿಯಲ್ಲಿ ಬೆಂಗಳೂರಿನವರ ಕಾರುಗಳನ್ನು ನೋಡುತ್ತಾ ಬೆಳೆದವರು ಈಗ ತಾವೇ ಒಂದು ತಗೊಳ್ಳುವ ಲೆಕ್ಕ ಹಾಕುತ್ತಿದ್ದಾರೆ. ಹಳೆಯದು ಸೆಕೆಂಡ್ ಹ್ಯಾಂಡ್ ತಗೊಳ್ಳೋದಾ, ಸಾಲ ಮಾಡಿ ಹೊಸದಕ್ಕೆ ಹೋಗೋದಾ ಅನ್ನೋದೇ ಗೊಂದಲ. ಇಂಟರ್ನೆಟ್‌ನಲ್ಲಿ ಹೋಲಿಕೆಯ ವೀಡಿಯೊಗಳಿಗೆ ಬರ ಇಲ್ಲ. ಆದರೆ ಅವೆಲ್ಲ ಯುರೋಪಿನ ರಸ್ತೆಯ ಮೇಲೆ, ಅಲ್ಲಿನ ಹವೆಯಲ್ಲಿ ಮಾಡಿದವು. ರೇಸ್ ಟ್ರ್ಯಾಕ್‌ನಲ್ಲಿ ಯಾವುದು ಎಷ್ಟು ಸೆಕೆಂಡ್ ಮುಂದೆ ಅನ್ನೋದು ತಿಳಿದು ನಮಗೇನಾಗಬೇಕು? ಊರೊಳಗಿನ ಹಂಪ್ ಮೇಲೆ ಯಾವುದರ ಹೊಟ್ಟೆ ಉಜ್ಜುತ್ತದೆ, ಬೆಟ್ಟ ಹತ್ತುವಾಗ ಯಾವುದರ ಎಂಜಿನ್ ಸೊರಗುತ್ತದೆ, ಅದನ್ನು ಹೇಳುವವರು ಬೇಕು.

ಇಲ್ಲಿ ಹೇಳಿದ ಕ್ರಮ 911ಗೆ ಮಾತ್ರ ಅಲ್ಲ. ಬಿಎಂಡಬ್ಲ್ಯು ಜೆಡ್4, ಫೋರ್ಡ್ ಮಸ್ಟಾಂಗ್, ಯಾವುದಕ್ಕಾದರೂ ಇದೇ ದಾರಿ. 911 ಹಿಡಿದುಕೊಂಡಿದ್ದು ಯಾಕೆಂದರೆ, ಒಂದೊಂದು ತಲೆಮಾರಿನಲ್ಲೂ ಏನು ಬದಲಾಯಿತು ಅನ್ನೋದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಂತ 1: ಮೊದಲು ನಂಬರ್ ಕಲಿಯಿರಿ

"2012 ಮಾಡೆಲ್ ಕ್ಯಾರೆರಾ" (911ರ ಮೂಲ ಮಾಡೆಲ್‌ಗೆ ಕ್ಯಾರೆರಾ ಅನ್ನುತ್ತಾರೆ) ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಆ ವರ್ಷ ಹಳೆ ತಲೆಮಾರೂ ಇತ್ತು, ಹೊಸದೂ ಇತ್ತು. ಮಾರುವವರನ್ನು ಕೇಳಬೇಕಾದ್ದು ಕಂಪನಿ ಆ ತಲೆಮಾರಿಗೆ ಕೊಟ್ಟ ಒಳಗಿನ ನಂಬರನ್ನು.

1963ರಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಈ ಕಾರು ತೋರಿಸಿದಾಗ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ನಮ್ಮದು ಅಂತ ಪಿಜೋ ಕಂಪನಿ ತಕರಾರು ತೆಗೆಯಿತು, 1964ರಲ್ಲಿ ಅದು 911 ಆಯಿತು. 1997ರವರೆಗೆ ಎಲ್ಲದಕ್ಕೂ ಗಾಳಿಯಿಂದ ತಣ್ಣಗಾಗುವ ಎಂಜಿನ್. ಆ ಕಾರುಗಳ ಕಥೆಯೇ ಬೇರೆ, ಅವು ಸಂಗ್ರಾಹಕರ ವಸ್ತು. ಈ ಲೇಖನದಲ್ಲಿ ಅವನ್ನು ಬಿಡೋಣ.

ನಮಗೆ ಬೇಕಾದವು ನಾಲ್ಕು. 1997ರಲ್ಲಿ ಬಂದ 996, ನೀರಿನಿಂದ ತಣ್ಣಗಾಗುವ ಎಂಜಿನ್ ಇದ್ದ ಮೊದಲ 911. 2004ರಲ್ಲಿ ಬಂದ 997. 2011ರ 991. 2018ರ ಕೊನೆಗೆ ತೋರಿಸಿ, 2019ರಿಂದ ಮಾರಿದ 992. 997 ಆದ ಮೇಲೆ 991 ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಕ್ರಮ ಹಾಗೇ ಇದೆ.

ಇದಕ್ಕಿಂತ ಮುಖ್ಯ ಆ ನಂಬರಿನ ಬಾಲ. ಒಂದು ತಲೆಮಾರಿನ ಮಧ್ಯದಲ್ಲಿ ಕಂಪನಿ ಒಮ್ಮೆ ಪರಿಷ್ಕಾರ ಮಾಡುತ್ತದೆ. ಅದಕ್ಕೆ ಮುಂಚಿನದು ಪಾಯಿಂಟ್ ಒನ್, ಆಮೇಲಿನದು ಪಾಯಿಂಟ್ ಟೂ. 997.1 ಮತ್ತು 997.2 ಹೊರಗಿನಿಂದ ನೋಡಿದರೆ ಲೈಟು, ಬಂಪರ್ ಬಿಟ್ಟು ಹೆಚ್ಚೇನೂ ವ್ಯತ್ಯಾಸ ಇಲ್ಲ. ಒಳಗೆ ಎಂಜಿನ್ನೇ ಬೇರೆ, ಗೇರ್‌ಬಾಕ್ಸೇ ಬೇರೆ. 991.1 ಮತ್ತು 991.2ರಲ್ಲೂ ಎಂಜಿನ್ ಬೇರೆ. ನನ್ನ ಪ್ರಕಾರ ನಿಜವಾದ ತಲೆಮಾರು ಬದಲಾಗೋದು ಈ ಬಾಲದಲ್ಲೇ.

ಹಂತ 2: ಎಂಜಿನ್ ಹೋಲಿಸುವಾಗ ಬೆಟ್ಟವನ್ನೂ ಲೆಕ್ಕಕ್ಕೆ ತಗೊಳ್ಳಿ

ಎಲ್ಲರೂ ಮೊದಲು ನೋಡುವುದು ಎಂಜಿನ್ ಶಕ್ತಿ. ಮೂಲ ಕ್ಯಾರೆರಾ ಮಾಡೆಲನ್ನೇ ಇಟ್ಟುಕೊಳ್ಳೋಣ. 996ರ ಮೊದಲ ಕಾರಿಗೆ 3.4 ಲೀಟರ್ ಎಂಜಿನ್, 300 ಪಿಎಸ್ (ಪಿಎಸ್ ಅಂದರೆ ಅಶ್ವಶಕ್ತಿಯ ಲೆಕ್ಕ). 997.1ಕ್ಕೆ 3.6 ಲೀಟರ್, 325. 997.2ಕ್ಕೆ ಅಷ್ಟೇ ಲೀಟರ್, ಆದರೆ ಹೊಸ ಎಂಜಿನ್, 345. 991.1ರಲ್ಲಿ 3.4 ಲೀಟರ್, 350. ಇಲ್ಲಿಯವರೆಗೆ ಯಾವುದಕ್ಕೂ ಟರ್ಬೊ ಇಲ್ಲ. 2015ರಲ್ಲಿ ಬಂದ 991.2ರಲ್ಲಿ ಎಂಜಿನ್ 3 ಲೀಟರ್‌ಗೆ ಇಳಿಯಿತು, ಎರಡು ಟರ್ಬೊ ಸೇರಿತು, ಶಕ್ತಿ 370ಕ್ಕೆ ಏರಿತು. 992ರಲ್ಲಿ ಅದೇ 3 ಲೀಟರ್, 385.

ಕಾಗದದ ಮೇಲೆ 997.2ಕ್ಕೂ 991.2ಕ್ಕೂ ಬರೀ 25 ಪಿಎಸ್ ವ್ಯತ್ಯಾಸ. "ಇಷ್ಟಕ್ಕೆ ಇಷ್ಟೊಂದು ದುಡ್ಡಾ?" ಅನ್ನಿಸುತ್ತದೆ. ಆದರೆ ಆ ಅಂಕಿ ಸಮುದ್ರಮಟ್ಟದ ಲೆಕ್ಕ. ಚಿಕ್ಕಬಳ್ಳಾಪುರ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ನಂದಿ ಬೆಟ್ಟದ ತುದಿ 1,478 ಮೀಟರ್.

ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಹೊರಗಿನ ಗಾಳಿಯನ್ನು ಇದ್ದ ಹಾಗೇ ಎಳೆದುಕೊಳ್ಳುತ್ತದೆ. ಗಾಳಿ ಕಡಿಮೆ ಆದಷ್ಟು ಶಕ್ತಿಯೂ ಕಡಿಮೆ. ಹತ್ತಿರ ಹತ್ತಿರ 100 ಮೀಟರ್‌ಗೆ 1 ಪರ್ಸೆಂಟ್ ಅಂತ ಇಟ್ಟುಕೊಳ್ಳಬಹುದು. ಅಂದರೆ 997.2ರ 345 ಪಿಎಸ್ ನಮ್ಮೂರಲ್ಲಿ ನಿಂತಾಗಲೇ 315ರ ಆಸುಪಾಸು. ಬೆಟ್ಟದ ತುದಿಗೆ ಹೋಗುವ ಹೊತ್ತಿಗೆ 300 ಉಳಿದರೆ ಹೆಚ್ಚು. ಬೇಸಿಗೆಯ ಮಧ್ಯಾಹ್ನ ಇನ್ನೂ ಕಡಿಮೆ, ಬಿಸಿ ಗಾಳಿಯೂ ತೆಳುವೇ ಅಲ್ವಾ.

ಟರ್ಬೊ ಎಂಜಿನ್‌ಗೆ ಈ ತಾಪತ್ರಯ ಇಷ್ಟಿಲ್ಲ. ಗಾಳಿ ತೆಳುವಾದರೆ ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಒತ್ತಡವನ್ನು ಸರಿದೂಗಿಸುತ್ತದೆ. ನಂದಿಯಷ್ಟು ಎತ್ತರದಲ್ಲಿ 991.2 ತನ್ನ 370ರಲ್ಲಿ ಬಹುಪಾಲು ಉಳಿಸಿಕೊಳ್ಳುತ್ತದೆ. ಜರ್ಮನಿಯಲ್ಲಿ 25 ಇದ್ದ ಅಂತರ ನಮ್ಮ ಬೆಟ್ಟದ ಮೇಲೆ 60, 70ರ ಹತ್ತಿರ ಹೋಗುತ್ತದೆ. ಈ ಒಂದು ವಿಷಯ ಯಾವ ವೀಡಿಯೊದಲ್ಲೂ ಸಿಗೋದಿಲ್ಲ, ಯಾಕೆಂದರೆ ಅವರಿಗೆ ಅದು ಬೇಕಾಗಿಲ್ಲ.

ಎಳೆಯುವ ಬಲ, ಅಂದರೆ ಟಾರ್ಕ್ ನೋಡಿದರೆ ವ್ಯತ್ಯಾಸ ಇನ್ನೂ ದೊಡ್ಡದು. 991.1ರಲ್ಲಿ 390 ನ್ಯೂಟನ್ ಮೀಟರ್ ಪೂರ್ತಿ ಸಿಗೋದು 5,600 ಆರ್‌ಪಿಎಂನಲ್ಲಿ. 991.2ರಲ್ಲಿ 450 ನ್ಯೂಟನ್ ಮೀಟರ್, ಅದೂ 1,700ರಿಂದ 5,000ದವರೆಗೆ ಒಂದೇ ಸಮ. ಹೇರ್‌ಪಿನ್ ತಿರುವಿನಿಂದ ನಿಧಾನಕ್ಕೆ ಹೊರಬಂದು ಕಾಲು ಒತ್ತಿದರೆ ಹೊಸದು ತಕ್ಷಣ ಎಳೆಯುತ್ತದೆ. ಹಳೆಯದಕ್ಕೆ ಒಂದು ಗೇರ್ ಇಳಿಸಬೇಕು.

ಹಾಗಾದರೆ ಹಳೆಯದರಲ್ಲಿ ಏನಿದೆ? ಸದ್ದು ಇದೆ, ಕಾಲು ಒತ್ತಿದಷ್ಟೇ ಕೊಡುವ ನಿಖರತೆ ಇದೆ. 5,000 ದಾಟಿದ ಮೇಲೆ ಆ ಎಂಜಿನ್ ದನಿಯೇ ಬೇರೆಯಾಗುತ್ತದೆ. ಒಂದು ಮಾತು ಮಾತ್ರ ಮರೆಯಬೇಡಿ. ಎರಡನೇ ಗೇರಲ್ಲಿ ರೆಡ್‌ಲೈನ್, ಅಂದರೆ ಆರ್‌ಪಿಎಂನ ಕೊನೆಯ ಮಿತಿ ಮುಟ್ಟಿಸಿದರೆ ಸ್ಪೀಡು 100 ದಾಟಿರುತ್ತದೆ. ರಾಷ್ಟ್ರೀಯ ಹೆದ್ದಾರಿ 44ರಲ್ಲೇ ಮಿತಿ 100. ಆ ಹಾಡು ಪೂರ್ತಿ ಕೇಳುವ ಅವಕಾಶ ನಮ್ಮ ರಸ್ತೆಯಲ್ಲಿ ಎಷ್ಟು ಸಲ ಸಿಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಹೊಸ ಮಾಡೆಲ್‌ಗಳಲ್ಲಿ 2024ರ 992.2ರ ಜಿಟಿಎಸ್ ಅನ್ನುವ ಹೆಚ್ಚು ಶಕ್ತಿಯ ಮಾಡೆಲ್‌ಗೆ ಹೈಬ್ರಿಡ್ ಬಂದಿದೆ. 3.6 ಲೀಟರ್, ಒಂದೇ ಟರ್ಬೊ, ಅದಕ್ಕೆ ವಿದ್ಯುತ್ ಸಹಾಯ, ಒಟ್ಟು 541 ಪಿಎಸ್. ಇದು ಮೂಲ ಕ್ಯಾರೆರಾದ ಲೆಕ್ಕದಿಂದಲೇ ಹೊರಗಿನ ಕಾರು.

ಹಂತ 3: ಕೈಗೆ ಏನು ತಿಳಿಯುತ್ತದೆ ನೋಡಿ

ಇಲ್ಲಿ ಹಳೆಯದರ ಬಲ ಇದೆ. 997ರವರೆಗೆ ಪವರ್ ಸ್ಟೀರಿಂಗ್ ಹೈಡ್ರಾಲಿಕ್. 991ರಿಂದ ಎಲೆಕ್ಟ್ರಿಕ್. ಹೈಡ್ರಾಲಿಕ್ ಸ್ಟೀರಿಂಗ್‌ನಲ್ಲಿ ರಸ್ತೆಯ ಒರಟು, ತೇಪೆ ಹಾಕಿದ ಡಾಂಬರು, ಮುಂದಿನ ಟೈರಿನ ಹಿಡಿತ ಸಡಿಲುವುದು, ಎಲ್ಲ ಅಂಗೈಗೆ ಬರುತ್ತದೆ. 40 ಕಿಲೋಮೀಟರ್ ಸ್ಪೀಡಿನಲ್ಲೂ ಬರುತ್ತದೆ. 991.1ರ ಸ್ಟೀರಿಂಗ್ ನಿಖರ, ಆದರೆ ಮಾತು ಕಡಿಮೆ. 992ರಲ್ಲಿ ಸ್ವಲ್ಪ ಸುಧಾರಿಸಿದೆ. ಆದರೂ 997 ಓಡಿಸಿದವರಿಗೆ ಏನೋ ಕಮ್ಮಿ ಅನ್ನಿಸುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ದಿನಾ ಬೆಂಗಳೂರಿಗೆ ಹೋಗಿ ಬರುವವರಿಗೆ ಅಂಗೈಗೆ ಬರುವ ಈ ಸುದ್ದಿಯೆಲ್ಲ ಸುಸ್ತು ತರಿಸುತ್ತದೆ. ಹೆಬ್ಬಾಳದ ಹತ್ತಿರ ಜಾಮ್‌ನಲ್ಲಿ ನಿಂತಾಗ ಯಾರಿಗೆ ಬೇಕು ರಸ್ತೆಯ ಮಾತು?

ಗೇರ್‌ಬಾಕ್ಸ್ ವಿಷಯ ಬೇಗ ಮುಗಿಸುತ್ತೇನೆ. 997.1ರ ಆಟೊಮ್ಯಾಟಿಕ್‌ಗೆ ಟಿಪ್‌ಟ್ರಾನಿಕ್ ಅಂತ ಹೆಸರು. ಐದು ಗೇರು, ಸೋಮಾರಿ. ಬೇಡ. 997.2ರಿಂದ ಪಿಡಿಕೆ ಅನ್ನುವ ಎರಡು ಕ್ಲಚ್‌ನ, ಏಳು ಗೇರಿನ ಆಟೊಮ್ಯಾಟಿಕ್ ಬಂತು, 992ರಲ್ಲಿ ಎಂಟಾಯಿತು. ನಮ್ಮ ದೇಶದಲ್ಲಿ ಸಿಗುವ 911ಗಳಲ್ಲಿ ಹೆಚ್ಚಿನವು ಪಿಡಿಕೆಯೇ. ಮ್ಯಾನ್ಯುಯಲ್ ಸಿಕ್ಕಿದರೆ ಅದೃಷ್ಟ, ಸಿಗಲಿಲ್ಲ ಅಂತ ಕೊರಗುವುದು ಬೇಡ.

ಹಂತ 4: ಟೇಪ್ ಹಿಡಿದು ಅಳೆಯಿರಿ

996ರ ಅಗಲ 1,765 ಮಿಲಿಮೀಟರ್. 997 ಮತ್ತು 991ರ ಕ್ಯಾರೆರಾ 1,808. 992 ಬಂದಾಗ 1,852. ಇದು ಕನ್ನಡಿ ಬಿಟ್ಟು. ಮೂರು ತಲೆಮಾರಿನಲ್ಲಿ 87 ಮಿಲಿಮೀಟರ್ ಬೆಳೆದಿದೆ. ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನದ ಹತ್ತಿರ ಭಾನುವಾರ ಎರಡೂ ಕಡೆ ಗಾಡಿ ನಿಲ್ಲಿಸಿರುತ್ತಾರೆ, ಎದುರಿಗೆ ಟೂರಿಸ್ಟ್ ಬಸ್ಸು ಬರುತ್ತದೆ. ಆಗ ಆ 87 ಮಿಲಿಮೀಟರ್‌ನ ಬೆಲೆ ಗೊತ್ತಾಗುತ್ತದೆ.

ಎರಡು ಆಕ್ಸಲ್ ನಡುವಿನ ದೂರ, ಅಂದರೆ ವೀಲ್‌ಬೇಸ್, 997ರವರೆಗೆ 2,350 ಮಿಲಿಮೀಟರ್ ಇತ್ತು. 991ರಲ್ಲಿ ಒಮ್ಮೆಗೇ 100 ಹೆಚ್ಚಿತು. ಹೆದ್ದಾರಿಯಲ್ಲಿ ಇದರಿಂದ ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ. ಹಿಂದೆ ಭಾರ ಇರುವ ಕಾರಿನ ಹಳೆ ಚಾಳಿ, ತಿರುವಿನಲ್ಲಿ ಮೂತಿ ಹಗುರಾಗಿ ಕುಣಿಯುವುದು, ಬಹುಪಾಲು ಹೋಯಿತು. ಆದರೆ ಹಂಪ್ ಮೇಲೆ ಕಥೆ ಉಲ್ಟಾ. ಚಕ್ರಗಳ ನಡುವೆ ದೂರ ಜಾಸ್ತಿ ಆದಷ್ಟು ಹೊಟ್ಟೆ ಉಜ್ಜುವ ಸಾಧ್ಯತೆ ಜಾಸ್ತಿ.

ಭಾರತೀಯ ರಸ್ತೆ ಕಾಂಗ್ರೆಸ್‌ನ ನಿಯಮದ ಪ್ರಕಾರ ಹಂಪ್ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ಹಾಗೆ ಇದ್ದರೆ ಯಾವ 911 ಆದರೂ ನಿಧಾನಕ್ಕೆ ದಾಟುತ್ತದೆ. ಗೌರಿಬಿದನೂರು ರಸ್ತೆಯಲ್ಲಿ, ಒಳಹಳ್ಳಿಗಳಲ್ಲಿ ಇರುವ ಹಂಪ್‌ಗಳು ಯಾವ ನಿಯಮ ನೋಡಿಕೊಂಡು ಹಾಕಿದವೂ ಅಲ್ಲ. ಒಂದು ಟ್ರಾಕ್ಟರ್ ಜಲ್ಲಿ ಮಿಕ್ಕಿತ್ತು, ಹಾಕಿದರು, ಅಷ್ಟೇ.

991.2ರಿಂದ ಕ್ಯಾರೆರಾಕ್ಕೆ ಮುಂದಿನ ಮೂತಿ ಎತ್ತುವ ವ್ಯವಸ್ಥೆ ಆಯ್ಕೆಯಾಗಿ ಸಿಗುತ್ತದೆ. ಬಟನ್ ಒತ್ತಿದರೆ ಸುಮಾರು ಐದು ಸೆಕೆಂಡಿನಲ್ಲಿ ಮುಂದಿನ ತುಟಿ 40 ಮಿಲಿಮೀಟರ್ ಮೇಲೇಳುತ್ತದೆ. 992ರಲ್ಲಿ ಇದು ಇನ್ನೂ ಜಾಣ ಆಗಿದೆ. ಒಂದು ಹಂಪ್‌ನ ಜಾಗವನ್ನು ಜಿಪಿಎಸ್‌ನಲ್ಲಿ ನೆನಪಿಟ್ಟುಕೊಂಡು, ಮುಂದಿನ ಸಲ ಅಲ್ಲಿಗೆ ಬಂದಾಗ ತಾನೇ ಎತ್ತಿಕೊಳ್ಳುವ ಮಾಡೆಲ್‌ಗಳಿವೆ. ನಮ್ಮಲ್ಲಿ ರಾತ್ರೋರಾತ್ರಿ ಹೊಸ ಹಂಪ್ ಹುಟ್ಟಿಕೊಳ್ಳುತ್ತದೆ, ಅದಕ್ಕೆ ಯಾವ ಜಿಪಿಎಸ್ಸೂ ಇಲ್ಲ. ಈ ಲಿಫ್ಟ್ ಎತ್ತುವುದು ಮೂತಿಯನ್ನು ಮಾತ್ರ, ಹೊಟ್ಟೆಗೆ ಹೆಚ್ಚು ಸಹಾಯ ಇಲ್ಲ ಅನ್ನೋದೂ ಗೊತ್ತಿರಲಿ. ಆದರೂ ನಮ್ಮ ಜಿಲ್ಲೆಯಲ್ಲಿ ಓಡಿಸುವವರಿಗೆ 10 ಪಿಎಸ್ ಹೆಚ್ಚು ಬೇಕಾ, ಲಿಫ್ಟ್ ಬೇಕಾ ಅಂದರೆ ಕಣ್ಣುಮುಚ್ಚಿ ಲಿಫ್ಟ್ ಅನ್ನಿ.

ಚಕ್ರದ ಗಾತ್ರ ನೋಡಿ. 997 ಕ್ಯಾರೆರಾಕ್ಕೆ 18 ಇಂಚಿನ ಚಕ್ರ. 992 ಕ್ಯಾರೆರಾಕ್ಕೆ ಮುಂದೆ 19, ಹಿಂದೆ 20. ಹೆಚ್ಚು ಶಕ್ತಿಯ 992 ಕ್ಯಾರೆರಾ ಎಸ್ ಆದರೆ 20 ಮತ್ತು 21. ರಿಮ್ ದೊಡ್ಡದಾದಷ್ಟು ಟೈರಿನ ಪಕ್ಕದ ರಬ್ಬರ್ ತೆಳು, ಗುಂಡಿಗೆ ಬಿದ್ದರೆ ಪೆಟ್ಟು ನೇರ ರಿಮ್ಮಿಗೆ. 991 ಮತ್ತು 992ರಲ್ಲಿ ಸ್ಟೆಪ್ನಿ ಇಲ್ಲ. ಇರೋದು ಒಂದು ಗಾಳಿ ಪಂಪು, ಒಂದು ಬಾಟಲಿ ಅಂಟು. ಟೈರಿನ ಪಕ್ಕ ಸೀಳಿದರೆ ಆ ಬಾಟಲಿ ದಂಡ. ಫ್ಲಾಟ್‌ಬೆಡ್ ಲಾರಿಯವರ ನಂಬರ್ ಮೊದಲೇ ಇಟ್ಟುಕೊಳ್ಳಿ.

ಸುಗ್ಗಿ ಕಾಲದ್ದು ಇನ್ನೊಂದು ಮಾತು. ನಮ್ಮ ಕಡೆ ರಾಗಿ, ಹುರುಳಿ ಒಕ್ಕಣೆ ರಸ್ತೆ ಮೇಲೇ ನಡೆಯುತ್ತದೆ. ಅದು ತಪ್ಪೋ ಸರಿಯೋ, ಕಣ ಮಾಡಲು ಜಾಗ ಇಲ್ಲದವರು ಏನು ಮಾಡಬೇಕು? ಬೇರೆ ಕಾರಿನವರಿಗೆ ಅದು ಬರೀ ಜಾರುವ ರಸ್ತೆ. ಇಷ್ಟು ತಗ್ಗಿನ ಕಾರಿಗೆ ಅಪಾಯ ಜಾಸ್ತಿ. ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಒಣ ಹುಲ್ಲು ಕೆಳಗೆ ಸಿಕ್ಕಿಕೊಳ್ಳುತ್ತದೆ. 911ರಲ್ಲಿ ಎಂಜಿನ್, ಸೈಲೆನ್ಸರ್, ಕೆಂಡದ ಹಾಗೆ ಕಾಯುವ ಕ್ಯಾಟಲಿಟಿಕ್ ಕನ್ವರ್ಟರ್, ಎಲ್ಲ ಹಿಂದೆ ಒಂದೇ ಕಡೆ ನೆಲದ ಹತ್ತಿರ ಇರುತ್ತವೆ. ಬೆಂಕಿ ಹತ್ತೋದಕ್ಕೆ ಇನ್ನೇನು ಬೇಕು? ಹಳೆಯದಾಗಲಿ ಹೊಸದಾಗಲಿ, ಒಕ್ಕಣೆ ಹರಡಿದ್ದರೆ ಆ ರಸ್ತೆ ಬಿಡಿ. ಬಿಡಲಾಗದಿದ್ದರೆ ಅದರ ಮೇಲೆ ಮಾತ್ರ ಕಾರು ನಿಲ್ಲಿಸಬೇಡಿ.

ಹಂತ 5: ಹಳೆಯದಾದರೆ ಒಳಗೆ ಕಣ್ಣು ಹಾಕಿ

996 ಮತ್ತು 997.1ರ ಎಂಜಿನ್ ಒಳಗೆ ಮಧ್ಯದ ಶಾಫ್ಟ್ ಒಂದಿದೆ. ಮೆಕ್ಯಾನಿಕ್‌ಗಳು ಅದನ್ನು ಐಎಂಎಸ್ ಅನ್ನುತ್ತಾರೆ. ಅದರ ಬೇರಿಂಗ್ ಕೈಕೊಟ್ಟರೆ ಪೂರ್ತಿ ಎಂಜಿನ್ನೇ ಹೋಗುತ್ತದೆ. ಎಲ್ಲ ಕಾರಿನಲ್ಲೂ ಆಗುತ್ತದೆ ಅಂತಲ್ಲ, ಆದರೆ ಆದಾಗ ಸಣ್ಣದಾಗಿ ಆಗೋದಿಲ್ಲ. 2000ದಿಂದ 2005ರ ನಡುವಿನ ಬಹುತೇಕ ಕಾರುಗಳಿಗೆ ಹಾಕಿದ ಒಂಟಿ ಸಾಲಿನ ಬೇರಿಂಗ್ ಹೆಚ್ಚು ಅಪಾಯದ್ದು. 2006ರಿಂದ 2008ರವರೆಗಿನದು ದೊಡ್ಡದು, ಗಟ್ಟಿ. 997.2ರ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ನಾನು 997 ಅಂದಾಗಲೆಲ್ಲ ಪಾಯಿಂಟ್ ಟೂ ಹುಡುಕಿ ಅನ್ನೋದು ಇದಕ್ಕೇ.

996 ಅಥವಾ 997.1 ನೋಡುತ್ತಿದ್ದರೆ ಮೂರು ಕೆಲಸ ಮಾಡಿಸಿ. ಆಯಿಲ್ ಫಿಲ್ಟರ್ ಬಿಚ್ಚಿಸಿ, ಅದರ ಕಾಗದದ ಮಡಿಕೆಗಳನ್ನು ಕತ್ತರಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಲೋಹದ ಚೂರು ಕಂಡರೆ ಅಲ್ಲಿಂದ ಎದ್ದು ಬನ್ನಿ. ಆಮೇಲೆ ಸಿಲಿಂಡರ್ ಒಳಗೆ ಬೋರ್‌ಸ್ಕೋಪ್ ಕ್ಯಾಮೆರಾ ಬಿಡಿಸಿ, ಗೋಡೆಯಲ್ಲಿ ಉದ್ದುದ್ದ ಗೀರು ಇದೆಯೇ ನೋಡಿ. 997.1ರಲ್ಲಿ ಈ ಗೀರು ಬೀಳುವುದು ಬೇರಿಂಗ್‌ಗಿಂತ ದೊಡ್ಡ ತಲೆನೋವು. ಹಿಂದಿನ ಎರಡು ಸೈಲೆನ್ಸರ್ ಪೈಪಲ್ಲಿ ಒಂದರಲ್ಲಿ ಮಾತ್ರ ಮಸಿ ಜಾಸ್ತಿ ಇದ್ದರೆ ಅನುಮಾನ ಪಡಿ. ಮೂರನೆಯದು, ತಣ್ಣಗಿರುವ ಎಂಜಿನ್ ನಿಮ್ಮ ಎದುರಿಗೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮುಂಚೆಯೇ ಬೆಚ್ಚಗೆ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

ಟಾರ್ಚ್ ತಗೊಂಡು ಮುಂದಿನ ಬಂಪರಿನ ಎರಡೂ ಮೂಲೆಯ ತೂತುಗಳೊಳಗೆ ಬೆಳಕು ಬಿಡಿ. ಎಂಜಿನ್ ಹಿಂದಿದ್ದರೂ ರೇಡಿಯೇಟರ್‌ಗಳು, ಎಸಿ ಕಂಡೆನ್ಸರ್‌ಗಳು ಇರೋದು ಅಲ್ಲಿ. ಒಣ ಎಲೆ, ಧೂಳು, ಪ್ಲಾಸ್ಟಿಕ್ ಕವರ್ ಎಲ್ಲ ಅಲ್ಲಿ ಸೇರಿಕೊಂಡು, ಮಳೆಗಾಲದಲ್ಲಿ ಒದ್ದೆಯಾಗಿ, ಅಲ್ಯೂಮಿನಿಯಂ ತಿನ್ನುತ್ತವೆ. ನೀಲಗಿರಿ ತೋಪಿನ ಪಕ್ಕ ನಿಲ್ಲಿಸಿದ ಕಾರಾದರೆ ಒಂದು ಹಿಡಿ ಎಲೆ ಗ್ಯಾರಂಟಿ. ಎಸಿ ಸರಿಯಾಗಿ ತಣ್ಣಗಾಗದ ಹಳೆ 911ಗಳಲ್ಲಿ ಎಷ್ಟೋ ಸಲ ಕಾರಣ ಇಷ್ಟೇ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾಗಿದ್ದು. ಈ ಕಾರುಗಳು ಕಡಿಮೆ ಓಡುವುದರಿಂದ ಟೈರ್ ಸವೆಯುವ ಮೊದಲೇ ಗಟ್ಟಿಯಾಗುತ್ತದೆ. ದಪ್ಪ ಇದೆ ಅಂತ ಮೋಸ ಹೋಗಬೇಡಿ.

ಮೀಟರ್ ತಿರುಗಿಸಿದ್ದಾರಾ ಅಂತ ಹಿಡಿಯಲು ಒಳ್ಳೆ ಉಪಾಯ ಇದೆ. ಎಂಜಿನ್ ಕಂಪ್ಯೂಟರ್ ತಾನು ಎಷ್ಟು ಗಂಟೆ ಓಡಿದೆ ಅಂತ ಲೆಕ್ಕ ಇಟ್ಟಿರುತ್ತದೆ. ಸರ್ವಿಸ್‌ನವರ ಸ್ಕ್ಯಾನರ್‌ನಲ್ಲಿ ಅದು ಕಾಣುತ್ತದೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. 30,000 ಕಿಲೋಮೀಟರ್, 1,000 ಗಂಟೆ ಅಂದರೆ ಸರಾಸರಿ 30. ಬೆಂಗಳೂರಿನ ಕಾರಿಗೆ ಅದು ನಂಬುವ ಮಾತು. ಸರಾಸರಿ 10, 12 ಬಂದರೆ ಕಾರು ಜಾಮ್‌ನಲ್ಲೇ ಬದುಕಿರಬೇಕು, ಇಲ್ಲ ಮೀಟರ್ ಸುಳ್ಳು ಹೇಳುತ್ತಿರಬೇಕು. ಎಂಜಿನ್ ಮಿತಿ ಮೀರಿ ತಿರುಗಿದ ದಾಖಲೆಯೂ ಅದೇ ಸ್ಕ್ಯಾನರ್‌ನಲ್ಲಿ ಸಿಗುತ್ತದೆ, ಅದರ ಪ್ರಿಂಟ್ ಕೇಳಿ.

ಪೆಟ್ರೋಲ್ ಬಗ್ಗೆಯೂ ಯೋಚಿಸಿ. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20. 996, 997 ಕಾಲದ ಕಾರುಗಳನ್ನು ಇದಕ್ಕಾಗಿ ಮಾಡಿದ್ದಲ್ಲ. ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಲ್ಲಿಸುವ ಕಾರಾದರೆ ಪೆಟ್ರೋಲ್ ಪೈಪು, ಸೀಲುಗಳನ್ನು ಆಗಾಗ ನೋಡಿಸಬೇಕು. ತೋಟದ ಮನೆಯ ಶೆಡ್ ಆದರೆ ಇಲಿ ಕಾಟ ಬೇರೆ. ಹಳೆಯದೋ ಹೊಸದೋ ಅಂತ ಇಲಿ ನೋಡೋದಿಲ್ಲ, ವೈರ್ ಸಿಕ್ಕರೆ ಕಡಿಯುತ್ತದೆ.

ಹಂತ 6: ಒಂದೇ ದಿನ, ಒಂದೇ ರಸ್ತೆ

ಹಳೆಯದನ್ನು ಇವತ್ತು, ಹೊಸದನ್ನು ಮುಂದಿನ ತಿಂಗಳು ಓಡಿಸಿದರೆ ಹೋಲಿಕೆ ಆಗೋದಿಲ್ಲ. ಎರಡನ್ನೂ ಒಂದೇ ಬೆಳಗ್ಗೆ ಹೊಂದಿಸಿ. ವಾರದ ದಿನವೇ ಇರಲಿ, ಶನಿವಾರ ಭಾನುವಾರ ನಂದಿ ದಾರಿ ಜಾತ್ರೆ. ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ನೋಡಿ, ಮಾಲೀಕರು ಪಕ್ಕದಲ್ಲಿರಲಿ.

ಮೊದಲು ಹಳೆಯದು ಓಡಿಸಿ, ಆಮೇಲೆ ಹೊಸದು, ಕೊನೆಗೆ ಮತ್ತೆ ಹಳೆಯದು. ಮೊದಲೇ ಹೊಸದು ಹತ್ತಿದರೆ ಹಳೆಯದು ಬರೀ ಸದ್ದಿನ ಡಬ್ಬ ಅನ್ನಿಸುತ್ತದೆ. ಮೂರನೇ ಸುತ್ತಿನಲ್ಲಿ ಹಳೆಯದರ ನಿಜವಾದ ಗುಣ, ನಿಜವಾದ ದೋಷ ಎರಡೂ ಗೊತ್ತಾಗುತ್ತವೆ. ಎರಡೂ ಕಾರಿನ ಟೈರ್ ಗಾಳಿ ಕಂಪನಿ ಹೇಳಿದಷ್ಟಕ್ಕೆ ಹೊಂದಿಸಿ. ಹಾಡು ಆಫ್ ಮಾಡಿ. ಸ್ಪೋರ್ಟ್ ಮೋಡ್ ಮುಟ್ಟಬೇಡಿ, ನೀವು ದಿನಾ ಓಡಿಸೋದು ನಾರ್ಮಲ್‌ನಲ್ಲೇ.

ಹೆದ್ದಾರಿಯಲ್ಲಿ ಸ್ವಲ್ಪ ದೂರ 80ರಿಂದ 100ರಲ್ಲಿ ಹೋಗಿ. ಕಾಂಕ್ರೀಟ್ ಸೇತುವೆಯ ಜಾಯಿಂಟ್ ದಾಟುವಾಗ ಬೆನ್ನಿಗೆ ಎಷ್ಟು ಪೆಟ್ಟು ಬರುತ್ತದೆ, ಟೈರ್ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುತ್ತದೆಯೇ ನೋಡಿ. 911ರಲ್ಲಿ ಅಗಲದ ಹಿಂದಿನ ಟೈರುಗಳ ಸದ್ದು ಯಾವಾಗಲೂ ಇದ್ದದ್ದೇ. ಆಮೇಲೆ ಬೆಟ್ಟದ ತಿರುವುಗಳು. 30, 40ರ ಸ್ಪೀಡು ಸಾಕು. ತಿರುವಿನೊಳಗೆ ಹೋಗುವಾಗ ಮೂತಿ ನೀವು ಹೇಳಿದ ಕಡೆ ತಕ್ಷಣ ತಿರುಗುತ್ತದಾ, ಹೊರಬರುವಾಗ ಹಿಂಭಾಗ ಹೇಗೆ ಕೂತು ತಳ್ಳುತ್ತದೆ, ಸ್ಟೀರಿಂಗ್ ತಾನಾಗಿ ಹೇಗೆ ಬಿಚ್ಚಿಕೊಳ್ಳುತ್ತದೆ, ಇಷ್ಟು ಗಮನಿಸಿ. ಮಂಜು, ತುಂತುರು ಇದ್ದರೆ ಇನ್ನೂ ಒಳ್ಳೆಯದು. 992ರಲ್ಲಿ ಮುಂದಿನ ಚಕ್ರದ ಹತ್ತಿರ ನೀರು ಚಿಮ್ಮುವ ಸದ್ದನ್ನು ಆಲಿಸಿ, ರಸ್ತೆ ಒದ್ದೆಯಾಗಿದೆ, ವೆಟ್ ಮೋಡ್ ಹಾಕಿ ಅಂತ ಎಚ್ಚರಿಸುವ ವ್ಯವಸ್ಥೆ ಇದೆ. ನಂದಿಯ ಬೆಳಗಿನ ಮಂಜಿಗೆ ಹೇಳಿ ಮಾಡಿಸಿದ ಹಾಗಿದೆ.

ಇಳಿದು ಬಂದ ಮೇಲೆ ಹಂಪ್ ಇರುವ ಊರೊಳಗೆ ಒಂದು ಸುತ್ತು. ನೇರ ಹೋಗದೆ ಸ್ವಲ್ಪ ಓರೆಯಾಗಿ ಹತ್ತಿಸಿ. ಕೊನೆಗೆ ಎಸಿ ಹಾಕಿಕೊಂಡು ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ, ಎಂಜಿನ್ ಬಿಸಿ ಮುಳ್ಳು ಎಲ್ಲಿಗೆ ಹೋಗುತ್ತದೆ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಒಳಗಡೆಯ ಸಣ್ಣ ವಿಷಯಗಳೂ ದಿನದಿನದ ಬಳಕೆಯಲ್ಲಿ ದೊಡ್ಡದಾಗುತ್ತವೆ. 997ರಲ್ಲಿ ಕೀ ಹಾಕಿ ತಿರುಗಿಸಬೇಕು, ಮಧ್ಯದಲ್ಲಿ ಮುಳ್ಳಿನ ಆರ್‌ಪಿಎಂ ಮೀಟರ್. 992.1ರವರೆಗೂ ಆ ಮುಳ್ಳು ಉಳಿದಿತ್ತು. 992.2ರಲ್ಲಿ ಪೂರ್ತಿ ಸ್ಕ್ರೀನು, ಸ್ಟಾರ್ಟ್‌ಗೆ ಬರೀ ಬಟನ್. ಅದನ್ನು ನೋಡಿ ಹಳಬರು ಕಣ್ಣೀರು ಹಾಕಿದ್ದಾರೆ. ನನಗೆ ಅಷ್ಟೇನೂ ಬೇಜಾರಿಲ್ಲ, ಫೋನ್ ಜೋಡಿಸಿದರೆ ಮ್ಯಾಪ್ ಸರಿಯಾಗಿ ಬರುವುದೇ ನನಗೆ ಮುಖ್ಯ. 997ರ ಮ್ಯಾಪ್ ನಂಬಿದರೆ ದೇವರೇ ಗತಿ.

ಹಂತ 7: ಕಾಗದಪತ್ರ ಮತ್ತು ದುಡ್ಡು

ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್. ಹೊಸ ಕ್ಯಾರೆರಾ ಶೋರೂಂ ಬೆಲೆ 2024ರಲ್ಲೇ 2 ಕೋಟಿ ಹತ್ತಿರ ಇತ್ತು. ತೆರಿಗೆ ಒಂದೇ 36 ಲಕ್ಷ ಆಯಿತು. ಆ ದುಡ್ಡಿಗೆ ಮನೆಮಂದಿಗೆಲ್ಲ ಆಗುವ ಇನ್ನೊಂದು ಕಾರೇ ಬರುತ್ತದೆ.

ಈ ತೆರಿಗೆ ತಪ್ಪಿಸಲು ಪಾಂಡಿಚೇರಿ ನಂಬರ್ ಹಾಕಿಸಿದ ಕಾರುಗಳು ಬಹಳ ಇವೆ, ಬೆಲೆಯೂ ಕಡಿಮೆ ಹೇಳುತ್ತಾರೆ. ಹೊರರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಮಾಡಿಸಲೇಬೇಕು. ಸಾರಿಗೆ ಇಲಾಖೆಯವರು ಇಂಥ ದುಬಾರಿ ಕಾರುಗಳನ್ನು ಹುಡುಕಿ ಹಿಡಿಯುತ್ತಾರೆ, ನಂದಿ ದಾರಿಯಲ್ಲಿ ಸಿಕ್ಕಿಬೀಳುವುದು ಸುಲಭ. ಫಾರಂ 28ರ ಎನ್‌ಒಸಿ ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು ಕೊಡಿ. ಚಿಕ್ಕಬಳ್ಳಾಪುರದ ಕೆಎ 40 ನಂಬರ್ ಹಾಕಿಸುವ ತೆರಿಗೆಯನ್ನು ಬೆಲೆಗೆ ಸೇರಿಸಿಯೇ ಹೋಲಿಸಿ. ಕಾರಿನ ವಯಸ್ಸು ನೋಡಿ ಅದು ಇಳಿಯುತ್ತದೆ.

ನೋಂದಣಿಯ ಆಯಸ್ಸು 15 ವರ್ಷ. 2009, 2010ರ 997.2ಗಳು ಆ ಗೆರೆ ದಾಟಿಯಾಗಿದೆ. ಆಮೇಲೆ ಐದೈದು ವರ್ಷಕ್ಕೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು. ಸಾಮಾನ್ಯ ಕಾರಿಗೆ ಶುಲ್ಕ 5,000 ಇದ್ದರೆ ಆಮದು ಕಾರಿಗೆ 40,000, ಹಸಿರು ತೆರಿಗೆ ಬೇರೆ. 20 ವರ್ಷ ದಾಟಿದರೆ ಆಮದು ಕಾರಿನ ಶುಲ್ಕ 80,000. ಇನ್ಶೂರೆನ್ಸ್‌ನಲ್ಲಿ ಐದು ವರ್ಷ ದಾಟಿದ ಕಾರಿನ ಬೆಲೆಯನ್ನು ಕಂಪನಿ ಮತ್ತು ನೀವು ಮಾತಾಡಿ ನಿಗದಿ ಮಾಡಿಕೊಳ್ಳಬೇಕು. ಹಳೆಯದಕ್ಕೆ ಸಿಗದ ಕವರ್ ಯಾವುದು ಅಂತ ಮೊದಲೇ ಕೇಳಿ.

ಹಾಗಾದರೆ ಯಾವುದು?

ಭಾನುವಾರದ ಸಂತೋಷಕ್ಕೆ ಮಾತ್ರ, ದಿನಾ ಓಡಿಸಲು ಬೇರೆ ಕಾರಿದೆ ಅನ್ನುವವರಿಗೆ 997.2. ಸ್ಟೀರಿಂಗ್ ಒಂದಕ್ಕೇ ಅದನ್ನು ತಗೊಳ್ಳಬಹುದು, ಎಂಜಿನ್ ಭಯವೂ ಕಡಿಮೆ. ಬೆಟ್ಟದ ಮೇಲೆ ಹೊಸದರ ಹಿಂದೆ ಬೀಳುತ್ತೀರಿ, ಬೀಳಲಿ ಬಿಡಿ. ದಿನಾ ವಿಮಾನ ನಿಲ್ದಾಣದ ರಸ್ತೆ ಹಿಡಿಯುವವರಿಗೆ, ಮಳೆಯಲ್ಲೂ ಓಡಿಸುವವರಿಗೆ 992. ಟರ್ಬೊ ಇಲ್ಲದ ಕೊನೆಯ ಮೂಲ ಕ್ಯಾರೆರಾ ಅಂತ 991.1ಕ್ಕೆ ಒಂದು ಗೌರವ ಇದೆ. ಆದರೆ ನಮ್ಮ ಎತ್ತರದಲ್ಲಿ ಅದರ ಎಂಜಿನ್ ಅರ್ಧ ನಿದ್ದೆಯಲ್ಲಿರುತ್ತದೆ, ಸ್ಟೀರಿಂಗ್‌ನಲ್ಲಿ 997ರ ರುಚಿಯೂ ಇಲ್ಲ. 996 ನಮ್ಮಲ್ಲಿ ಅಪರೂಪ, ಒಳ್ಳೆ ಮೆಕ್ಯಾನಿಕ್ ಪರಿಚಯ ಇಲ್ಲದವರು ಆ ಕಡೆ ಹೋಗೋದು ಬೇಡ.

ಒಂದೇ ಸ್ಪೋರ್ಟ್ಸ್ ಕಾರು, ಅದರಲ್ಲೇ ಎಲ್ಲ ಆಗಬೇಕು ಅನ್ನುವವರಿಗೆ ನಾನು ಹೇಳೋದು 991.2. ಬೆಟ್ಟಕ್ಕೆ ಟರ್ಬೊ ಇದೆ, 992ರಷ್ಟು ಅಗಲ ಇಲ್ಲ. ಲಿಫ್ಟ್ ಇರುವುದನ್ನೇ ಹುಡುಕಿ. ಜಾಹೀರಾತಿನಲ್ಲಿ "ಫುಲ್ ಆಪ್ಷನ್" ಅಂತ ಬರೆದಿದ್ದರೆ ನಂಬಬೇಡಿ. ಮುಂದಿನ ಬಾನೆಟ್ ಎತ್ತಿದರೆ ಒಳಗೆ ಸಾಮಾನ್ಯವಾಗಿ ಒಂದು ಸ್ಟಿಕ್ಕರ್ ಇರುತ್ತದೆ. ಫ್ಯಾಕ್ಟರಿಯಲ್ಲಿ ಆ ಕಾರಿಗೆ ಹಾಕಿದ ಆಯ್ಕೆಗಳ ಕೋಡ್‌ಗಳೆಲ್ಲ ಅದರಲ್ಲಿವೆ. ಅದರ ಫೋಟೊ ತೆಗೆದುಕೊಂಡು ಕೋಡ್‌ಗಳನ್ನು ಹೊಂದಿಸಿ ನೋಡಿ. ಆಮೇಲೆ ಬಟನ್ ಒತ್ತಿ, ಮೂತಿ ನಿಜವಾಗಿ ಎದ್ದು ನಿಲ್ಲುತ್ತದೆಯೇ ಅಂತ ಕಣ್ಣಾರೆ ನೋಡಿದ ಮೇಲೆ ಅಡ್ವಾನ್ಸ್ ಕೊಡಿ.